ದೃಷ್ಟಿಯ ಜಾಡೂ ಚಿತ್ರದ ಮಿತವ್ಯಯವೂ

ಬಾಣಾವರದ ರೈಲ್ವೆ ನಿಲ್ದಾಣದಲ್ಲಿ ಗಾಡಿಗಾಗಿ ಕಾದಿರುವವರಲ್ಲಿ ಬಹುಮಂದಿ ಅಂಗೈಯ ಫೋನಿನಲ್ಲಿ ಚಲಚ್ಚಿತ್ರ ನೋಡುತ್ತ ಕುಳಿತಿರುವುದು ಈಗ ನಿತ್ಯದ ನೋಟವಾಗಿರುವುದು. ಚಿತ್ರವು ನಡುವೆ ತಡೆದು ನಿಂತರೆ ಕಂಪೆನಿಯವರನ್ನು ಶಪಿಸುವರೇ ಹೊರತು ಅದರ ಭಾರವೆಷ್ಟೆಂದು ಎಣಿಸುವವರು ಅಪರೂಪ. 1920 ಬಿಂದುಗಳ ಅಗಲವೂ 1080 ಬಿಂದುಗಳ ಎತ್ತರವೂ ಉಳ್ಳ ಒಂದು ಬಿಡಿಚಿತ್ರದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟು ಬಿಂದುಗಳಿರುವುವು. ಸೆಕೆಂಡಿಗೆ 30 ಚಿತ್ರಗಳಂತೆ ಇವು ಆರು ಕೋಟಿಯನ್ನು ಮೀರುವುವು. ಇವನ್ನು ಸಂಕ್ಷೇಪಿಸಿ ಕಳುಹಿಸುವ ವಿದ್ಯೆಯು ಬಹಳ ಮುಂದುವರಿದಿದ್ದರೂ, ನೋಡುವವನ ಕಣ್ಣು ಈ ಕ್ಷಣದಲ್ಲಿ ಎಲ್ಲಿದೆಯೆಂದು ಅದು ಸಾಮಾನ್ಯವಾಗಿ ಕೇಳುವುದಿಲ್ಲ.

ಈ ಆರು ಕೋಟಿಯಲ್ಲಿ ನಾವು ನಿಜವಾಗಿ ಕಾಣುವುದೆಷ್ಟು? ಬಾಣಾವರದಿಂದ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಮುಂದೆ ನಿಂತವರು ಇದನ್ನು ತಾವೇ ಪರೀಕ್ಷಿಸಬಹುದು. ತಳದ ಆನೆಗಳ ಸಾಲಿನಲ್ಲಿ ಒಂದು ಆನೆಯ ಕಣ್ಣಿನ ಮೇಲೆ ದೃಷ್ಟಿಯನ್ನು ನೆಟ್ಟು, ಕದಲಿಸದೆ, ಅದರಿಂದಾಚೆಗೆ ನಾಲ್ಕನೆಯ ಆನೆಯ ಸೊಂಡಿಲು ಹೇಗಿದೆಯೆಂದು ಹೇಳಹೊರಟರೆ ಹೇಳಲಾಗದು. ಗೋಡೆಯೆಲ್ಲವೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಂಡಂತೆ ತೋರುವುದು ಭ್ರಮೆ. ಅಕ್ಷಿಪಟದ ನಡುವಣ ಒಂದು ಕಿರುಗುಳಿ ಮಾತ್ರ ಸೂಕ್ಷ್ಮವನ್ನು ಗ್ರಹಿಸಬಲ್ಲುದು. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ, ಎಂದರೆ ಕೈಯನ್ನು ಮುಂದಕ್ಕೆ ನೀಡಿ ಹಿಡಿದಾಗ ಹೆಬ್ಬೆರಳಿನ ಉಗುರು ಮರೆಮಾಡುವಷ್ಟು. ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ನೆಗೆಯುತ್ತ ತುಣುಕುಗಳನ್ನು ತರುವುದು, ಮನಸ್ಸು ಅವನ್ನು ಹೊಲಿದು ಗೋಡೆಯನ್ನಾಗಿ ಮಾಡಿಕೊಳ್ಳುವುದು. ಈ ಸಾಲನ್ನು ಓದುತ್ತಿರುವ ವಾಚಕರ ಕಣ್ಣೂ ಹರಿಯುತ್ತಿಲ್ಲ, ನೆಗೆಯುತ್ತಿದೆ.

ನಿಸರ್ಗದ ಈ ಮಿತವ್ಯಯವನ್ನೇ ಯಂತ್ರಕ್ಕೆ ಕಲಿಸುವುದು ಹೊಸ ವಿದ್ಯೆ. ಅತಿಗೆಂಪು ಬೆಳಕನ್ನು ಕಣ್ಣಿನ ಮೇಲೆ ಬೀರಿ, ಪಾಪೆಯ ನೆಲೆಯನ್ನೂ ಕಣ್ಣಿನ ಮೇಲ್ಮೈಯಲ್ಲಿ ಮಿಂಚುವ ಪ್ರತಿಬಿಂಬವನ್ನೂ ಸಣ್ಣ ಕ್ಯಾಮೆರಾದಿಂದ ಹಿಡಿದು, ನೋಟವು ತೆರೆಯ ಮೇಲೆ ಎಲ್ಲಿ ಬಿದ್ದಿದೆಯೆಂದು ಲೆಕ್ಕಹಾಕುವರು. ಅಲ್ಲಿ ಮಾತ್ರ ಚಿತ್ರವನ್ನು ಪೂರ್ಣ ಸ್ಪಷ್ಟತೆಯಿಂದ ರಚಿಸಿ ಉಳಿದೆಡೆ ಕೈ ಬಿಗಿಹಿಡಿಯುವರು. ತಲೆಗೆ ತೊಡುವ ಹೆಡ್‌ಸೆಟ್ಟುಗಳಲ್ಲಿ ಈ ಏರ್ಪಾಟನ್ನು ಜಪಾನಿನ ಸೋನಿಯವರು 2023ರಲ್ಲಿಯೂ ಅಮೆರಿಕದ ಆಪಲ್‌ನವರು 2024ರಲ್ಲಿಯೂ ಮಾರುಕಟ್ಟೆಗೆ ತಂದರು. ನೋಟದ ಹರವು ಎರಡು ದಿಕ್ಕಿಗೂ 100 ಡಿಗ್ರಿಯೆಂದು ಇಟ್ಟುಕೊಂಡರೆ, ಧಾರಾಳವಾಗಿ 20 ಡಿಗ್ರಿಯ ಚೌಕವನ್ನು ಸ್ಪಷ್ಟವಾಗಿರಿಸಿದರೂ ಅದು ನೂರರಲ್ಲಿ ನಾಲ್ಕು ಪಾಲು ಮಾತ್ರ. ಅಂಗೈಯ ಫೋನಿನಲ್ಲಿ ಇಷ್ಟು ಲಾಭವಿಲ್ಲ. ಆ ತೆರೆ ಮೊದಲೇ ಕಿರಿದು.

ತೊಡಕುಗಳೂ ಉಂಟು. ಚಿತ್ರವು ಯಂತ್ರದೊಳಗೇ ಹುಟ್ಟುವುದಾದರೆ ಸರಿ. ದೂರದ ಊರಿನಿಂದ ಬರುವುದಾದರೆ, ಕಣ್ಣು ಎಲ್ಲಿದೆಯೆಂಬ ಸುದ್ದಿ ಅಲ್ಲಿಗೆ ಹೋಗಿ ಚಿತ್ರವು ಇಲ್ಲಿಗೆ ಬರುವಷ್ಟರಲ್ಲಿ ಕಣ್ಣು ಬೇರೆಡೆಗೆ ನೆಗೆದಿರುವುದು. ಒಂದೇ ಟೆಲಿವಿಷನ್ನಿನ ಮುಂದೆ ಮನೆಮಂದಿಯೆಲ್ಲ ಕುಳಿತಿದ್ದರೆ ಯಾರ ಕಣ್ಣಿನ ಜಾಡು ಹಿಡಿಯುವುದು? ಆದಕಾರಣ ಕಣ್ಣನ್ನು ಹಿಂಬಾಲಿಸುವುದಕ್ಕೆ ಬದಲು ಅದು ಹೋಗುವ ಎಡೆಯನ್ನು ಮುಂಚಿತವಾಗಿ ಊಹಿಸುವ ಇನ್ನೊಂದು ದಾರಿ ಹುಟ್ಟಿತು. ಈ ದಾರಿಯಲ್ಲಿ ನಮ್ಮ ನಾಡಿನವರ ಪಾಲು ಇರುವುದು ಸಂತೋಷದ ವಿಷಯ. ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ವೆಂಕಟೇಶ ಬಾಬು ಅವರೂ ಅವರ ಸಂಗಡಿಗರೂ 2015ರಲ್ಲಿ ಪ್ರಕಟಪಡಿಸಿದ ‘ಡೀಪ್‌ಫಿಕ್ಸ್’ ಎಂಬ ಗಣಕವಿಧಾನವು, ಅನೇಕರ ನೋಟದ ದಾಖಲೆಗಳಿಂದ ಕಲಿತು, ಹೊಸದೊಂದು ಚಿತ್ರದಲ್ಲಿ ಜನರ ಕಣ್ಣು ಎಲ್ಲೆಲ್ಲಿ ನೆಲೆಸುವುದೆಂಬುದಕ್ಕೆ ನಕ್ಷೆಯನ್ನು ಬರೆದುಕೊಡುವುದು. ಒಂದೊಂದು ಬಿಡಿಚಿತ್ರಕ್ಕೂ ಅಂಥ ನಕ್ಷೆ ದೊರೆತರೆ, ಚಲಚ್ಚಿತ್ರವನ್ನು ಸಂಕ್ಷೇಪಿಸುವವರು ನೋಡುಗನ ಕಣ್ಣಿಗೆ ಕ್ಯಾಮೆರಾ ಹಿಡಿಯದೆಯೇ ಭಾರವನ್ನು ಇಳಿಸಬಹುದು. ಈ ಕೊನೆಯ ಮಾತು ನಮಗೆ ಮುಖ್ಯವಾಗಿ ತೋರುವುದು.

ಏಕೆಂದರೆ ಬಿಂದುಗಳನ್ನು ಉಳಿಸುವ ನೆಪದಲ್ಲಿ ನೋಡುವವನ ನೋಟವೇ ದಾಖಲಾಗಬಹುದು. ರಷ್ಯದ ಯಾರ್ಬಸ್ ಎಂಬ ವಿದ್ವಾಂಸರು ರೇಪಿನ್ ಬರೆದ ಒಂದೇ ವರ್ಣಚಿತ್ರವನ್ನು ಒಬ್ಬನಿಗೇ ತೋರಿಸಿ, ಈ ಮನೆಯವರ ಸಿರಿತನವೆಷ್ಟು, ಇವರ ವಯಸ್ಸೆಷ್ಟು ಎಂದು ಬೇರೆ ಬೇರೆ ಪ್ರಶ್ನೆ ಹಾಕಿದಾಗ ಕಣ್ಣಿನ ಜಾಡೂ ಬೇರೆಬೇರೆಯಾಯಿತು. 1967ರಲ್ಲಿ ಇಂಗ್ಲಿಷಿಗೆ ಬಂದ ಅವರ ಗ್ರಂಥದಲ್ಲಿ ಆ ಜಾಡುಗಳು ಅಚ್ಚಾಗಿವೆ. ಎಂದಮೇಲೆ ಜಾಡನ್ನು ಹಿಡಿದವನು ಮನಸ್ಸಿನ ಸುಳಿವನ್ನೂ ಹಿಡಿದಾನು. ಗೃಹಿಣಿಯ ಕಣ್ಣು ಯಾವ ಸೀರೆಯ ಮೇಲೆ ತಡೆಯಿತು, ಮತದಾರನ ಕಣ್ಣು ಯಾವ ಮುಖದ ಮೇಲೆ ನಿಂತಿತು ಎಂಬುದು ವರ್ತಕರಿಗೂ ರಾಜಕೀಯ ಪಕ್ಷಗಳಿಗೂ ಬೆಲೆಯುಳ್ಳ ಸರಕು. ನಮ್ಮ ಹತ್ತಿ ಹಡಗೇರಿ ಹೋಗಿ ಬಟ್ಟೆಯಾಗಿ ಹಿಂದಿರುಗಿದ ಕಥೆಯನ್ನು ಬಲ್ಲವರಿಗೆ, ಬಿಟ್ಟಿಯಾಗಿ ಹೋಗಬಹುದಾದ ಈ ಸರಕಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಟದ ವಿವರವನ್ನು ಯಂತ್ರದಿಂದ ಹೊರಗೆ ಬಿಡುವುದಿಲ್ಲವೆಂದು ಆಪಲ್‌ನವರು ಸಾರಿದ್ದಾರೆ. ಹಾಗೆ ಮಾಡಲು ಸಾಧ್ಯವೆಂಬುದು ಅದರಿಂದಲೇ ತಿಳಿಯುವುದು. ಆದರೆ ಕಂಪೆನಿಯ ವಾಗ್ದಾನ ಬೇರೆ, ದೇಶದ ಕಾಯಿದೆ ಬೇರೆ. ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಮ್ಮತಿಯ ವಿಚಾರವನ್ನು ವಿಸ್ತಾರವಾಗಿ ಹೇಳುವುದು. ನೋಟದ ಜಾಡನ್ನು ಬೇರೆಯಾಗಿ ಹೆಸರಿಸಿಲ್ಲ. ಸಮ್ಮತಿಯೆಂಬುದು ಓದದೆ ಒತ್ತುವ ಗುಂಡಿಯಾಗಿರುವುದನ್ನು ಎಲ್ಲರೂ ಬಲ್ಲರು.

ಶಾಲೆಗಳಿಗೂ ವಸ್ತುಸಂಗ್ರಹಾಲಯಗಳಿಗೂ ಇಂಥ ಯಂತ್ರಗಳನ್ನು ತರಿಸುವ ಅಧಿಕಾರಿಗಳು ಟೆಂಡರಿನ ಷರತ್ತುಗಳಲ್ಲಿ ಎರಡು ಸಾಲನ್ನು ಸೇರಿಸಬೇಕೆಂದು ನಮ್ಮ ಬಿನ್ನಹ: ನೋಟದ ಲೆಕ್ಕವು ಯಂತ್ರದೊಳಗೇ ನಡೆಯತಕ್ಕದ್ದು, ಲೆಕ್ಕ ಮುಗಿದೊಡನೆ ಜಾಡನ್ನು ಅಳಿಸತಕ್ಕದ್ದು. ಇದಕ್ಕಾಗಿ ದೆಹಲಿಯವರು ಕಾಯಿದೆಯನ್ನು ತಿದ್ದುವವರೆಗೆ ಹಾಸನದ ಕಛೇರಿಗಳವರು ಕಾದಿರಬೇಕಾದ ಅಗತ್ಯವಿಲ್ಲ.