ಮಯೋತಿಯರೂ ಸಿಂದರ ಹೆಸರೂ

ಕಪ್ಪು ಸಮುದ್ರಕ್ಕೆ ಕಿರಿದಾದ ಜಲಸಂಧಿಯೊಂದರಿಂದ ಕೂಡಿಕೊಂಡಿರುವ ಅಜೋವ್ ಸಮುದ್ರವು ಅತ್ಯಂತ ಆಳವಾಗಿರುವಲ್ಲಿಯೂ ಸುಮಾರು ೧೪ ಮೀಟರು ಮಾತ್ರ ಆಳವುಳ್ಳದ್ದು. ಗ್ರೀಕರು ಇದನ್ನು ಮಯೋತಿಸ್ ಸರೋವರವೆಂದೂ ರೋಮನರು ಮಯೋತಿಸ್ ಜೌಗೆಂದೂ ಕರೆದರು. ಇದರ ಪೂರ್ವತೀರದಲ್ಲಿಯೂ ಕೂಬಾನ್ ನದಿಯ ಬಯಲಿನಲ್ಲಿಯೂ ನೆಲಸಿದ್ದ ಹಲವು ಕುಲಗಳಿಗೆ ಮಯೋತಿಯರೆಂಬುದು ಸಮುದಾಯನಾಮವಾಗಿದ್ದಿತು.

ಈ ಜನರು ತಮ್ಮ ಭಾಷೆಯಲ್ಲಿ ಬರೆದಿಟ್ಟ ಗ್ರಂಥವಾವುದೂ ಉಳಿದಿಲ್ಲ. ಅವರ ವೃತ್ತಾಂತಕ್ಕೆ ಅನ್ಯರ ಲೇಖನಗಳೂ ಭೂಗತವಾದ ಅವಶೇಷಗಳೂ ಆಧಾರಗಳು. ಸ್ತ್ರಾಬೋ ತನ್ನ ಭೂಗೋಳಗ್ರಂಥದ ೧೧ನೆಯ ಭಾಗದಲ್ಲಿ ಸಿಂದರು, ದಂದಾರಿಯರು ಮೊದಲಾದ ಕುಲಗಳನ್ನು ಹೆಸರಿಸಿ, ಇವರು ಬೇಸಾಯಗಾರರಾದರೂ ಯುದ್ಧದಲ್ಲಿ ಅಲೆಮಾರಿಗಳಿಗೆ ಕಡಮೆಯಲ್ಲವೆನ್ನುತ್ತಾನೆ. ಚಳಿಗಾಲದಲ್ಲಿ ಜಲಸಂಧಿಯು ಹೆಪ್ಪುಗಟ್ಟಿದಾಗ ಜನರು ಮಂಜುಗಡ್ಡೆಯನ್ನು ಅಗೆದು ದೊಡ್ಡ ಮೀನುಗಳನ್ನು ತೆಗೆಯುತ್ತಿದ್ದರೆಂಬುದೂ ಅವನ ಗ್ರಂಥದಿಂದಲೇ ತಿಳಿಯುತ್ತದೆ. ಕ್ರಿ. ಪೂ. ೪ನೆಯ ಶತಮಾನದಲ್ಲಿ ಇವರಲ್ಲಿ ಅನೇಕರು ಬಾಸ್ಪೊರಸ್ ರಾಜ್ಯಕ್ಕೆ ಅಧೀನರಾದರು. ಆ ರಾಜ್ಯದಿಂದ ಅಥೆನ್ಸಿಗೆ ವರ್ಷಕ್ಕೆ ೪,೦೦,೦೦೦ ಮೆದಿಮ್ನಗಳಷ್ಟು ಧಾನ್ಯವು ಬರುತ್ತಿದ್ದಿತೆಂದು ದೆಮೊಸ್ಥೆನೀಸನು ಹೇಳಿದ್ದಾನೆ. ಅಲ್ಲಿಯ ಅರಸನಾದ ಮೊದಲನೆಯ ಲ್ಯೂಕೋನನು ಶಾಸನಗಳಲ್ಲಿ ಗ್ರೀಕ್ ಪಟ್ಟಣಗಳಿಗೆ ಕೇವಲ ಅಧ್ಯಕ್ಷನೆಂದೂ ಸಿಂದಾದಿ ಕುಲಗಳಿಗೆ ರಾಜನೆಂದೂ ಹೇಳಿಕೊಂಡಿದ್ದಾನೆ.

ಸಿಂದರೆಂಬ ಹೆಸರು ಭಾರತೀಯರ ಕಿವಿಗೆ ಸಿಂಧುವನ್ನು ನೆನಪಿಗೆ ತರುವುದು ಸಹಜ. ಪಾಲ್ ಕ್ರೆಚ್ಮರನೂ, ತರುವಾಯ ೧೯೯೯ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಒಲೆಗ್ ತ್ರುಬಚೋವನೂ ಇದೇ ಮೊದಲಾದ ಹೆಸರುಗಳನ್ನು ಹಿಡಿದು ಆ ಪ್ರಾಂತದಲ್ಲಿ ಹಿಂದೆ ಇಂಡೋ-ಆರ್ಯ ಭಾಷೆಯೊಂದಿದ್ದಿತೆಂದು ವಾದಿಸಿದರು. ಮಯೋತಿಯರು ಕಾಕಸಸ್ಸಿನ ಅದಿಘೆ ಜನರ ಪೂರ್ವಿಕರೆಂದೂ, ಅವರ ಭಾಷೆಯು ವಾಯವ್ಯ ಕಾಕಸಸ್ ವರ್ಗಕ್ಕೆ ಸೇರಿದುದೆಂದೂ ಇತರ ಅನೇಕ ವಿದ್ವಾಂಸರ ಮತ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಗ್ರೀಕ್ ಲಿಪಿಯಲ್ಲಿ ಧಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಆದುದರಿಂದ ಗ್ರೀಕರ ಬರೆವಣಿಗೆಯಲ್ಲಿ ಉಳಿದಿರುವ ಹೆಸರಿನಿಂದ ಮೂಲದ ಉಚ್ಚಾರಣೆಯನ್ನು ನಿಶ್ಚಯಿಸಲಾಗದು. ಎರಡನೆಯದಾಗಿ, ಸ್ತ್ರಾಬೋ ಸಿಂದರನ್ನು ಮಯೋತಿಯರಲ್ಲಿಯೇ ಎಣಿಸಿದರೆ, ಮೊದಲನೆಯ ಪೈರಿಸದೀಸನ ಶಾಸನಗಳು ಸಿಂದರನ್ನೂ ಸಮಸ್ತ ಮಯೋತಿಯರನ್ನೂ ಬೇರೆಬೇರೆಯಾಗಿ ಹೇಳುತ್ತವೆ. ಸಿಂದರ ವಿಷಯದಲ್ಲಿ ಸಿದ್ಧವಾದುದೂ ಮಯೋತಿಯರೆಲ್ಲರಿಗೆ ಅನ್ವಯಿಸಲಾರದು.

ಭಾಷಾಸಂಬಂಧಕ್ಕೆ ಕ್ರಮಬದ್ಧವಾದ ಧ್ವನಿಸಾಮ್ಯವೂ ಪದಸಂಪತ್ತೂ ಬೇಕು. ಒಂದು ಹೆಸರಿನ ಹೋಲಿಕೆ ಸಾಲದು. ಜೌಗಿನ ಅಂಚಿನಲ್ಲಿ ಬಿತ್ತಿ ಬೆಳೆದು, ಮೀನು ಹಿಡಿದು, ದೂರದ ನಗರಗಳಿಗೆ ಧಾನ್ಯವನ್ನೊದಗಿಸಿದ ಈ ಜನರು ಪರರ ಪೂರ್ವಿಕರೆಂಬ ಕಾರಣದಿಂದಲ್ಲದೆ ತಮ್ಮ ಸ್ವಂತ ಚರಿತ್ರೆಯಿಂದಲೇ ಅಧ್ಯಯನಕ್ಕೆ ಅರ್ಹರು.