ನೀರಿನೊಡನೆ ಹರಿದ ಕಬ್ಬಿಣ

ಕಡೂರಿನಲ್ಲಿ ರೈಲನ್ನೇರಿದಾಗ, ಅದು ಕುದುರೆಮುಖದವರೆಗೂ ಒಯ್ಯುವುದೆಂದೇ ನಮ್ಮೊಡನಿದ್ದ ಕಿರಿಯರು ನಂಬಿದ್ದರು. ಗಣಿಯಿದ್ದಲ್ಲಿ ರೈಲು ಇರಲೇಬೇಕೆಂಬುದು ಅವರ ತರ್ಕ. ಆದರೆ 2013ರಲ್ಲಿ ತೆರೆದ ಆ ಮಾರ್ಗದ ರೈಲು ನಮ್ಮನ್ನು ಚಿಕ್ಕಮಗಳೂರಿನಲ್ಲಿಯೇ ಇಳಿಸಿಬಿಟ್ಟಿತು. ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳನ್ನು ಹಾದು, ಕಾಫಿ ತೋಟಗಳ ನೆರಳಿನಲ್ಲಿ ಬಸ್ಸಿನ ಪ್ರಯಾಣ ಮುಂದುವರಿಯಿತು.

ಹಾಗಾದರೆ ಲಕ್ಷಾಂತರ ಟನ್ ಅದಿರು ಈ ಬೆಟ್ಟಗಳಿಂದ ಇಳಿದುದು ಹೇಗೆ? ನೀರಿನಲ್ಲಿ ಹರಿದು!

1913ರಲ್ಲಿಯೇ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ಯರು ಇಲ್ಲಿಯ ಅದಿರನ್ನು ಗುರುತಿಸಿದ್ದರು. ಗಣಿ ಸಂಸ್ಥೆ ಹುಟ್ಟಿದುದು ಮಾತ್ರ 1976ರಲ್ಲಿ, ಇರಾನ್ ದೇಶದ ಧನಸಹಾಯದ ಭರವಸೆಯ ಮೇಲೆ. 1979ರ ಕ್ರಾಂತಿಯ ಬಳಿಕ ಆ ಗಿರಾಕಿಯೇ ಕೈಬಿಟ್ಟುದರಿಂದ ಬೇರೆ ದೇಶಗಳನ್ನು ಅರಸಬೇಕಾಯಿತು.

ಇಲ್ಲಿಯ ಅದಿರು ಬಡ ಅದಿರು. ಅದರಲ್ಲಿ ಕಬ್ಬಿಣದ ಪಾಲು ಶೇಕಡಾ 38ರ ಸುಮಾರು. ಆದರೆ ಅದರಲ್ಲಿದ್ದ ಮ್ಯಾಗ್ನಟೈಟ್ ಖನಿಜಕ್ಕೆ ಅಯಸ್ಕಾಂತವು ಸೆಳೆಯುವ ಗುಣವುಂಟು. ಬಂಡೆಯನ್ನು ನುಣ್ಣಗೆ ಅರೆದು, ಅಯಸ್ಕಾಂತಗಳಿಂದ ಆ ಕಣಗಳನ್ನು ಬೇರ್ಪಡಿಸಿದರೆ ಶೇಕಡಾ 67ರಷ್ಟು ಕಬ್ಬಿಣವುಳ್ಳ ಪುಡಿ ದೊರೆಯುತ್ತಿದ್ದಿತು. ಅದನ್ನು ನೀರಿನೊಡನೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಯಬಿಡುತ್ತಿದ್ದರು. ಹರಿವು ನಿಧಾನವಾದರೆ ಕಣಗಳು ತಳಕ್ಕಿಳಿದು ಕೊಳವೆ ಕಟ್ಟುತ್ತದೆ. ಅತಿವೇಗವಾದರೆ ಅವೇ ಕಣಗಳು ಕೊಳವೆಯನ್ನು ಸವೆಸುತ್ತವೆ. ಇವೆರಡರ ನಡುವಣ ವೇಗವನ್ನು ಕಾಯುವುದರಲ್ಲಿಯೇ ಯಂತ್ರಶಿಲ್ಪಿಯ ಜಾಣ್ಮೆ.

ಒಂದು ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. 100 ಟನ್ ಅದಿರಿನಲ್ಲಿರುವುದು 38 ಟನ್ ಕಬ್ಬಿಣ. ಕಿಂಚಿತ್ತೂ ನಷ್ಟವಾಗದಿದ್ದರೂ ದೊರೆಯುವ ಪುಡಿ 57 ಟನ್ನುಗಳನ್ನು ಮೀರಲಾರದು. ಉಳಿದ 43 ಟನ್ ಎಲ್ಲಿಗೆ? ಅದಕ್ಕಾಗಿಯೇ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿ, ಅದರ ಹಿಂದೆ ಕೆಸರನ್ನು ತುಂಬಿದರು. ಸೋಸಿದ ಕಬ್ಬಿಣವು ಹಡಗನ್ನೇರಿ ಹೋಯಿತು. ಕೆಸರು ನಮ್ಮಲ್ಲಿಯೇ ಉಳಿಯಿತು.

ಇಲ್ಲಿಯ ಮಳೆಯೋ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು. ಹುಲ್ಲು, ಶೋಲಾ ಕಾಡುಗಳ ಹೊದಿಕೆ ಕಳಚಿದ ಬೆಟ್ಟದ ಮಣ್ಣು ಭದ್ರೆಯನ್ನು ಸೇರುವುದನ್ನು ಕಂಡು ಜನರು ವಿರೋಧಿಸಿದರು. ಗಣಿಯನ್ನು ನಂಬಿದ್ದ ಕುಟುಂಬಗಳೂ ಸಾವಿರಾರು ಇದ್ದವು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆಯ ಪಾಲಿಗೆ ಅದು ಸರಿಯಾದ ತೀರ್ಪೆಂದೇ ನಮ್ಮ ಅಭಿಪ್ರಾಯ. ಆದರೂ ಪಾಚಿಗಟ್ಟಿದ ಗೋಡೆಗಳ ಖಾಲಿ ಮನೆಗಳ ಸಾಲಿನಲ್ಲಿ ನಡೆಯುವಾಗ ಆ ಅಭಿಪ್ರಾಯವನ್ನು ಗಟ್ಟಿಯಾಗಿ ನುಡಿಯಲು ಮನಸ್ಸಾಗಲಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ನಮ್ಮಲ್ಲೊಬ್ಬ ಹುಡುಗನು ಜೇಬಿನ ಅಯಸ್ಕಾಂತವನ್ನು ರಸ್ತೆಯಂಚಿನ ಮಣ್ಣಿನಲ್ಲಿ ಹೊರಳಿಸಿದನು. ಅದಕ್ಕೆ ಕರಿಯ ಗಡ್ಡ ಬೆಳೆದಂತಾಯಿತು. ಅದನ್ನು ಎಲ್ಲರೂ ಸರದಿಯ ಮೇಲೆ ನೋಡುತ್ತಿರುವಷ್ಟರಲ್ಲಿ ಬಸ್ಸು ಬಂದಿತು. ಚಿಕ್ಕಮಗಳೂರು ತಲುಪುವ ಹೊತ್ತಿಗೆ ರೈಲು ಹೊರಟುಹೋಗಿದ್ದಿತು.