ನೋವು ಶುರುವಾಗುವ ಮೊದಲೇ ಬೆಟ್ಟ ಇಳಿಯಬೇಕು

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ, ಚಿಕಿತ್ಸೆಯೂ ಸಿಗದಿದ್ದರೆ ತಾಯಿಯ ಪ್ರಾಣ ಎರಡೇ ಗಂಟೆಯಲ್ಲಿ ಹೋಗಬಹುದು. ಕಾಡಂಚಿನ ಹಾಡಿ, ಪೋಡುಗಳಲ್ಲಿ ಡೋಲಿ ಕಟ್ಟಿ ಹೊತ್ತು ಜೀಪಿನ ದಾರಿ ಮುಟ್ಟುವುದಕ್ಕೇ ಅಷ್ಟು ಹೊತ್ತು ಹಿಡಿದೀತು. ಅದಕ್ಕೇ ಇಂಥ ಕಡೆ ಬಸಿರಿಯ ಆರೈಕೆ ಎಂದರೆ ಹೊತ್ತಿನ ಲೆಕ್ಕ.

ಹೊತ್ತು ಪೋಲಾಗುವುದು ಮೂರು ಕಡೆ: ಮನೆಯಲ್ಲಿ, ದಾರಿಯಲ್ಲಿ, ಆಸ್ಪತ್ರೆಯೊಳಗೆ. ನಾವೆಲ್ಲ ಬಯ್ಯುವುದು ದಾರಿಯನ್ನು. ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಮನೆಯೊಳಗಿನ ಕಾಯುವಿಕೆ. ಅತ್ತೆ ಹೂಂ ಅನ್ನಬೇಕು, ಗಂಡ ಕೂಲಿಯಿಂದ ಬರಬೇಕು, ಕೈಯಲ್ಲಿ ದುಡ್ಡಿರಬೇಕು, ಮನೆಯಲ್ಲಿ ಉಳಿಯುವ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. ಇದೆಲ್ಲ ಎಂಟು ತಿಂಗಳು ತುಂಬುವುದರೊಳಗೆ ತೀರ್ಮಾನವಾಗಿರಬೇಕು. ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಯಾರು, ಬೇಕಾದರೆ ರಕ್ತ ಕೊಡುವ ಇಬ್ಬರು ಯಾರು? ಆಶಾ ಕಾರ್ಯಕರ್ತೆ ಇದನ್ನು ಬಸಿರಿಯನ್ನಷ್ಟೇ ಅಲ್ಲ, ಅತ್ತೆಯನ್ನೂ ಕೂರಿಸಿಕೊಂಡು ಕೇಳಬೇಕು.

ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಬಿಪಿ 140/90 ಮುಟ್ಟಿದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ, ಅವಳಿಯಿದ್ದರೆ ಹೆರಿಗೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸಿರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಇಂಥವು ಸಿಕ್ಕಿಬೀಳುವುದು ಅಲ್ಲಿಯೇ.

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಗಂಡನ ಊರಿನ ಆಶಾಳ ಕಣ್ಣಿಂದ ಮರೆಯಾಗುತ್ತಾಳೆ, ತವರೂರಿನ ಆಶಾಗೆ ಅವಳು ಬಂದದ್ದೇ ತಿಳಿದಿರುವುದಿಲ್ಲ. ಸೀರೆ, ಬಳೆಗಳ ಜೊತೆ ತಾಯಿ ಕಾರ್ಡೂ ಹೋಗಬೇಕು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ತವರನ್ನೇ ಆಸ್ಪತ್ರೆಯ ಆವರಣಕ್ಕೆ ತಂದರು. 'ಮಾಹೇರ್ ಘರ್' ಎಂದರೆ ತವರುಮನೆ. ಕಾಡಿನ ಊರುಗಳ ಬಸಿರಿಯರು ಹೆರಿಗೆಗೆ ಕೆಲವು ದಿನ ಮುಂಚೆಯೇ ಬಂದು ಅಲ್ಲಿ ಉಳಿಯುತ್ತಾರೆ. ಚಿಕ್ಕ ಮಕ್ಕಳನ್ನೂ ಕರೆತರಬಹುದು. ಅದಿಲ್ಲದೆ ಯಾವ ತಾಯಿ ಮನೆ ಬಿಟ್ಟು ಬಂದಾಳು?

ಇನ್ನು ಹೆರಿಗೆ ಕೋಣೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರೆ ಗರ್ಭಕೋಶ ಬಿಗಿದುಕೊಳ್ಳುತ್ತದೆ. ಆದರೆ ಈ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕರೆಂಟ್ ಹೋಗುವ ಊರಲ್ಲಿ ಅದೇ ಕಷ್ಟ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇದಕ್ಕೊಂದು ದಾರಿ ಪರೀಕ್ಷೆಯಾಯಿತು. 1,620 ತಾಯಂದಿರ ಆ ಅಧ್ಯಯನದಲ್ಲಿ ಎಎನ್‌ಎಂ ಸಿಸ್ಟರ್‌ಗಳು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು.

ಹೋದ ರಕ್ತವನ್ನು ಅಳೆಯಲು ಅವರು ಬಳಸಿದ್ದು ತಾಯಿಯ ಸೊಂಟದಡಿ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಗೆರೆ ಎಳೆದ ಚೀಲ. ಹಳೇ ಸೀರೆಯಲ್ಲಿ ಇಂಗಿದ ರಕ್ತ ಎಷ್ಟೆಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಅನುಭವಿಗಳೂ ಕಡಿಮೆಯೇ ಅಂದಾಜಿಸುತ್ತಾರೆ. ಚೀಲ ಸುಳ್ಳು ಹೇಳುವುದಿಲ್ಲ. ರಕ್ತ 500 ಮಿ.ಲೀ. ಗೆರೆಯತ್ತ ಏರುತ್ತಿದೆಯೆಂದರೆ ಸಿಸ್ಟರ್ ಒಂದು ಕೈಯಲ್ಲಿ ತಾಯಿಯ ಹೊಟ್ಟೆ ನೀವುತ್ತಲೇ 108ಕ್ಕೆ ಫೋನ್ ಹಚ್ಚಿಸುತ್ತಾಳೆ. ಬಾಗಿಲಾಚೆ ನಿಂತವರಿಗೆ, ರಕ್ತ ಕೊಡುತ್ತೇವೆಂದಿದ್ದ ಆ ಇಬ್ಬರನ್ನು ಹೊರಡಿಸಿ ಎನ್ನುತ್ತಾಳೆ.